ಸೋತ ಡಿಸ್ಕಿನಲ್ಲಿದ್ದ ಮದುವೆ

ಪಿರಿಯಾಪಟ್ಟಣ
17 ಮಾರ್ಚ್ 2024, ಭಾನುವಾರ

ಪ್ರೀತಿಯ ರಾಧಾ,

ಲಕೋಟೆಯ ಮೇಲಿನ ಅಕ್ಷರ ನೋಡಿಯೇ ಇದು ಪುಷ್ಪಕ್ಕನದು ಅಂತ ನಿನಗೆ ಗೊತ್ತಾಗಿರುತ್ತದೆ. ಪ್ರೇಮಮ್ಮ ಟೀಚರ ಹೊಲಿಗೆ ಕ್ಲಾಸಿನಲ್ಲಿ ಎಲ್ಲರ ಅಳತೆ ಪುಸ್ತಕ ಬರೆಯುತ್ತಿದ್ದವಳು ನಾನೇ ತಾನೆ. ಹರಿದು ಹಾಕಬೇಕು ಅನಿಸಿದರೆ ಓದಿಯಾದ ಮೇಲೆ ಹರಿ. ನಾವೆಲ್ಲ ಇಲ್ಲಿ ಕ್ಷೇಮ ಎಂದು ಬರೆಯಲು ಈ ಸಲ ಕೈ ಬರುತ್ತಿಲ್ಲ. ನಿನ್ನ ಕ್ಷೇಮ ಕೇಳುವ ಮುಖವೂ ನನಗಿಲ್ಲ.

ಮೊದಲು ಸುದ್ದಿ ಹೇಳಿಬಿಡುತ್ತೇನೆ. ನಮ್ಮವರು ಹೋಗಿಬಿಟ್ಟರು. ಸಂಕ್ರಾಂತಿ ಕಳೆದು ಮೂರನೇ ದಿನ, ಜನವರಿ ಹದಿನೆಂಟಕ್ಕೆ. ಅಂಗಡಿಯಲ್ಲಿ ಯಾರದೋ ಆಧಾರ್ ಕಾರ್ಡಿನ ಜೆರಾಕ್ಸ್ ತೆಗೆಯುತ್ತಿದ್ದವರು ಎದೆ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತರಂತೆ. ಮೈಸೂರಿಗೆ ಕರೆದುಕೊಂಡು ಹೊರಟೆವು, ತಲುಪಲಿಲ್ಲ. ನಿನಗೆ ಆ ದಿನವೇ ಎರಡು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಎತ್ತದೆ ಇದ್ದದ್ದು ಸರಿಯೇ. ಆಮೇಲೆ ನಿಮ್ಮಣ್ಣ ಲಿಂಗರಾಜುವಿನ ನಂಬರು ಹುಡುಕಿ ನಿನ್ನ ವಿಳಾಸ ತೆಗೆದುಕೊಂಡೆ. ನೀನು ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದೀಯ, ಎಚ್.ಡಿ. ಕೋಟೆಯಲ್ಲಿ ಒಬ್ಬಳೇ ಒಂದು ರೂಮು ಮಾಡಿಕೊಂಡಿದ್ದೀಯ ಅಂತ ಅವನೇ ಹೇಳಿದ.

ನಿನಗೆ ಹೇಳಬೇಕಾದ್ದು ಹದಿನೈದು ವರ್ಷದಿಂದ ನನ್ನಲ್ಲಿ ಉಳಿದಿದೆ. ಅವರು ಬದುಕಿದ್ದಾಗಲೇ ಹೇಳಬೇಕಿತ್ತು. ಅವರಿಗೂ ಹೇಳಬೇಕಿತ್ತು. ಎಲ್ಲಿಂದ ಶುರು ಮಾಡಲಿ ಅಂತ ಎರಡು ದಿನ ಯೋಚಿಸಿದೆ. ಆ ಡಿಸ್ಕಿನಿಂದಲೇ ಶುರು ಮಾಡುತ್ತೇನೆ. ಕೋರ್ಟಿನಲ್ಲಿ ಆ ಮಾತು ಎಷ್ಟೋ ಸಲ ಬಂತು, ಆದರೆ ಅದು ಏನು, ಯಾಕೆ ಹಾಗಾಯಿತು ಅಂತ ನಿನಗೆ ಯಾರೂ ನಿಧಾನಕ್ಕೆ ಕೂರಿಸಿಕೊಂಡು ಹೇಳಿದ ಹಾಗೆ ಕಾಣಲಿಲ್ಲ.

ಎರಡು ಸಾವಿರದ ಏಳರಲ್ಲಿ ನಮ್ಮ ನಂದಿ ವಿಡಿಯೋಸ್ ಹೇಗಿತ್ತು, ನೀನೇ ನೋಡಿದ್ದೀಯ. ಹೊಗೆಸೊಪ್ಪಿನ ಹರಾಜು ಮುಗಿಯುತ್ತಾ ಬಂದ ಹಾಗೆ ಮದುವೆಗಳು ಒಂದರ ಮೇಲೊಂದು. ಇವರು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೋದರೆ ಎರಡು ದಿನ ಬಿಟ್ಟು ಬರುತ್ತಿದ್ದರು. ಮದುವೆಯವರಿಗೆ ವಿಸಿಡಿ ಮಾಡಿ ಕೊಡುವುದು, ಒಂದು ಮದುವೆಗೆ ಮೂರು ಡಿಸ್ಕು. ಆದರೆ ವಿಸಿಡಿ ಎಂದರೆ ಇವರಿಗೆ ಆಗುತ್ತಿರಲಿಲ್ಲ. ಸೊಳ್ಳೆ ಪರದೆ ಒಳಗಿನಿಂದ ಮದುವೆ ನೋಡಿದ ಹಾಗೆ ಕಾಣುತ್ತದೆ ಎನ್ನುತ್ತಿದ್ದರು. ಆಗ ಪೇಪರಿನಲ್ಲಿ ಬರಲು ಶುರುವಾಯಿತು, ಹೊರದೇಶದಲ್ಲಿ ಎರಡು ಹೊಸ ಡಿಸ್ಕು ಬಂದಿದೆ, ಒಂದರ ಹೆಸರು ಬ್ಲೂ-ರೇ, ಇನ್ನೊಂದರದು ಎಚ್‌ಡಿ ಡಿವಿಡಿ, ಇದರ ಮಿಷನ್ನಿಗೆ ಅದು ಹಿಡಿಸುವುದಿಲ್ಲ, ಅದರದಕ್ಕೆ ಇದು ಹಿಡಿಸುವುದಿಲ್ಲ, ಎರಡು ಕಡೆ ದೊಡ್ಡ ದೊಡ್ಡ ಕಂಪನಿಗಳು ನಿಂತಿವೆ, ಯಾವುದಾದರೂ ಒಂದೇ ಉಳಿಯುವುದು ಅಂತ.

ನಮ್ಮ ಎದುರಿಗೆ ಸ್ಟುಡಿಯೋ ಇಟ್ಟಿದ್ದನಲ್ಲ ಮಹೇಂದ್ರ, ಅವನದು ಬ್ಲೂ-ರೇ ಪಕ್ಷ. ಇವರದು ಎಚ್‌ಡಿ ಡಿವಿಡಿ. ಬಿ.ಎಂ. ರಸ್ತೆಯ ಟೀ ಅಂಗಡಿಯಲ್ಲಿ ಇಬ್ಬರೂ ನಿಂತು ಜಗಳ ಆಡುವುದನ್ನು ಕೇಳಲು ಜನ ಸೇರುತ್ತಿದ್ದರು. ಇಡೀ ತಾಲ್ಲೂಕಿನಲ್ಲಿ ಎರಡರಲ್ಲಿ ಯಾವುದರ ಮಿಷನ್ನೂ ಒಂದು ಮನೆಯಲ್ಲಿರಲಿಲ್ಲ, ನೋಡುವ ಟಿವಿಯೂ ಇರಲಿಲ್ಲ. "ಲೋ ನಂಜುಂಡ, ನಿಂದು ಸೋಲ್ತದೆ ಬರ್ಕೊ ಕಣ್ಲಾ," ಎಂದು ಮಹೇಂದ್ರ. "ನಿಂದು ಬೋರ್ಡಲ್ಲೇ ಇರ್ತದೆ ಕಣೋ, ಅಂಗಡಿ ಒಳೀಕ್ ಬರಾಕಿಲ್ಲ," ಎಂದು ಇವರು. ನಿಜಕ್ಕೂ ಮಹೇಂದ್ರ ಬೋರ್ಡಿನ ಮೇಲೆ ಬ್ಲೂ-ರೇ ಎಂದು ಬರೆಸಿದ್ದು ಬಿಟ್ಟರೆ ಏನೂ ಕೊಳ್ಳಲಿಲ್ಲ. ಕೊಂಡವರು ನಮ್ಮವರು. ಬೈಲಕುಪ್ಪೆಯ ಟಿಬೆಟಿನವರ ಒಂದನೇ ಕ್ಯಾಂಪಿನಲ್ಲಿ ಸ್ವೆಟರು, ರೇಡಿಯೋ ಮಾರುವ ದೋರ್ಜೆ ಇದ್ದರಲ್ಲ, ಅವರ ತಮ್ಮ ಅಮೆರಿಕದಲ್ಲಿದ್ದ. ಅವನ ಕೈಯಲ್ಲಿ ಆ ಡಿಸ್ಕು ಬರೆಯುವ ಕಂಪ್ಯೂಟರೊಂದನ್ನೂ, ಹತ್ತು ಖಾಲಿ ಡಿಸ್ಕನ್ನೂ ತರಿಸಿದರು. ನನ್ನ ಎರಡು ಬಳೆ ಅದಕ್ಕೆ ಹೋಯಿತು. ಆಗ ನಾನೂ ಬೇಡ ಅನ್ನಲಿಲ್ಲ. ಅವರು ಅಷ್ಟು ಸಂತೋಷವಾಗಿ ಇದ್ದದ್ದನ್ನು ನಾನು ಪೂಜಾ ಹುಟ್ಟಿದಾಗ ಬಿಟ್ಟರೆ ನೋಡಿರಲಿಲ್ಲ.

ಆ ಹತ್ತರಲ್ಲಿ ಒಂದರಲ್ಲಿ ಅವರ ಅವ್ವನನ್ನು ತುಂಬಿಸಿದರು. ಒಂದರಲ್ಲಿ ಪೂಜಾಳ ಹುಟ್ಟುಹಬ್ಬ. ಮೂರನೆಯದು ನಿನ್ನ ಮದುವೆ.

ನಿನ್ನ ಮದುವೆಯ ದಿನ ನನಗೆ ಪೂರ್ತಿ ನೆನಪಿದೆ. ಕಾರ್ತಿಕ ಸೋಮವಾರ. ನಮ್ಮ ಓಮ್ನಿಯಲ್ಲಿ ನಾವೆಲ್ಲ ಒತ್ತಿಕೊಂಡು ಬೆಟ್ಟದಪುರದ ಕಡೆ ಆ ಸಣ್ಣ ಗುಡಿಗೆ ಹೋದೆವು. ನೀನು, ಕಿರಣ, ಲಿಂಗರಾಜು, ನಾನು, ನಾಲ್ಕು ವರ್ಷದ ಪೂಜಾ, ಕ್ಯಾಮೆರಾ ಹಿಡಿದು ಇವರು. ಗುಡಿಯ ಪೂಜೆ ಮಾಡುವ ಅಯ್ನೋರು ಒಬ್ಬರೇ. ಕಿರಣನ ಕಡೆಯಿಂದ ಯಾರೂ ಬರಲಿಲ್ಲ, ಬರುವುದೂ ಇಲ್ಲವೆಂದು ನಮಗೆಲ್ಲ ಗೊತ್ತಿತ್ತು. ಕಿರಣ್‌ಕುಮಾರ್ ನಮ್ಮವರ ದೊಡ್ಡಪ್ಪನ ಮಗ, ನೀಲಕಂಠಸ್ವಾಮಿ ಭಾವನ ಒಡಹುಟ್ಟಿದ ತಮ್ಮ. ನೀನು ಬೇರೆ ಜಾತಿಯವಳು. ಮನೆತನಕ್ಕೆ ದೊಡ್ಡವರಾದ ಭಾವ ಒಪ್ಪುವ ಮಾತೇ ಇರಲಿಲ್ಲ. ನಿನಗೆ ತಾಳಿ ಕಟ್ಟುವಾಗ ಹಿಂದಿನಿಂದ ಕೂದಲು ಎತ್ತಿ ಹಿಡಿದವಳು ನಾನು. ವಾಪಸು ಬರುವಾಗ ಇವರು ಹೇಳಿದರು, "ರಾಧಾ, ನಿನ್ ಮದ್ವೇನ ಎಲ್ರಂಗೆ ತುಂಬ್ಸಾಕಿಲ್ಲ ಕಣಮ್ಮ. ನಿನ್ ಮೊಮ್ಮಕ್ಕಳು ನೋಡಿದ್ರೂ ಇವತ್ತಿನಂಗೇ ಕಾಣ್ಬೇಕು." ಅಂಥ ಮದುವೆಗೆ ಜನ ಸೇರಲಿಲ್ಲ, ಊಟ ಹಾಕಲಿಲ್ಲ, ಒಂದು ಓಲಗವಿಲ್ಲ, ಚಿತ್ರವಾದರೂ ಚೆನ್ನಾಗಿರಲಿ ಎಂದು ಅವರ ಮನಸ್ಸು. ಹೊಸ ಡಿಸ್ಕಿಗೆ ತುಂಬಿಸಿ, ಕಂಪ್ಯೂಟರಿನಲ್ಲಿದ್ದದ್ದನ್ನು ಜಾಗ ಸಾಲದೆಂದು ಅಳಿಸಿ, ಟೇಪನ್ನು ಮುಂದಿನ ವಾರದ ಇನ್ಯಾವುದೋ ಮದುವೆಗೆ ಬಳಸಿಬಿಟ್ಟರು. ಸೀಸನ್ನಿನಲ್ಲಿ ಟೇಪುಗಳನ್ನು ಹಾಗೆಯೇ ಅಳಿಸಿ ಅಳಿಸಿ ಬಳಸುವುದು ರೂಢಿ. ನಿಮಗೆ ಮನೆಯಲ್ಲಿ ನೋಡಲು ಒಂದು ವಿಸಿಡಿ ಮಾಡಿಕೊಟ್ಟರು.

ಮೂರೇ ತಿಂಗಳು. ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಮಹೇಂದ್ರ ಪೇಪರು ಮಡಚಿಕೊಂಡು ರಸ್ತೆ ದಾಟಿ ಬಂದ. ನಗುತ್ತಾ ಬಂದವನು ಇವರ ಮುಖ ನೋಡಿ ನಗು ನಿಲ್ಲಿಸಿದ. ಎಚ್‌ಡಿ ಡಿವಿಡಿ ಮಾಡುತ್ತಿದ್ದ ಮುಖ್ಯ ಕಂಪನಿಯೇ ಇನ್ನು ಮಾಡುವುದಿಲ್ಲ, ಸೋತೆವು ಎಂದು ಒಪ್ಪಿಕೊಂಡಿತ್ತು. ಮಿಷನ್ನೂ ಬರುವುದಿಲ್ಲ, ಡಿಸ್ಕೂ ಬರುವುದಿಲ್ಲ. ಇವರು ಓದಿ ಪೇಪರು ಮಡಚಿ ಅವನಿಗೇ ವಾಪಸು ಕೊಟ್ಟರು. "ನಮ್ ಕಂಪ್ಯೂಟ್ರು ಇರೋಗಂಟ ನೋಡ್ಬೋದಲ್ಲ, ಅಷ್ಟು ಸಾಕು ಬುಡು," ಎಂದರು. ಜುಲೈನಲ್ಲಿ ಆ ಕಂಪ್ಯೂಟರೂ ಕೆಟ್ಟಿತು. ಮೈಸೂರಿಗೆ ಕೊಂಡುಹೋದರೆ, ಡಿಸ್ಕು ಓದುವ ಭಾಗ ಹೋಗಿದೆ, ಅದು ಇನ್ನು ಎಲ್ಲೂ ಸಿಗುವುದಿಲ್ಲ ಎಂದರು.

ಆಗಸ್ಟಿನಲ್ಲಿ ಕಿರಣ ಹೋದ.

ಅದನ್ನು ನಾನು ನಿನಗೆ ಬರೆಯಬೇಕಾಗಿಲ್ಲ. ಗೊಬ್ಬರದ ಅಂಗಡಿಯ ಕೆಲಸ ಮುಗಿಸಿಕೊಂಡು ಹ್ಯಾಂಡ್‌ಪೋಸ್ಟಿನಿಂದ ಹುಣಸೂರಿಗೆ ಹೊರಟವನು, ಬೈಕು ಜಾರಿತು, ಅಷ್ಟೇ. ಭಾವ ಮತ್ತು ಅವರ ಕಡೆಯವರು ಆಸ್ಪತ್ರೆಯಿಂದಲೇ ಹೆಣ ತೆಗೆದುಕೊಂಡು ಊರಿಗೆ ಹೋದರು. ನೀನು ಓಡಿಬಂದೆ. ಭಾವನ ಹಟ್ಟಿಯ, ಆ ದೊಡ್ಡ ಮನೆಯ, ಗೇಟಿನ ಹತ್ತಿರ ನಿಂತು "ಒಂದ್ಸಲ ಮುಖ ನೋಡ್ತೀನಿ, ಒಂದೇ ಸಲ" ಎಂದು ಕೂಗಿದ್ದನ್ನು ನಾನು ಒಳಗಿನಿಂದ ಕೇಳಿಸಿಕೊಂಡೆ. ನಮ್ಮವರು ಹೊರಗೆ ಬಂದು ಭಾವನ ಜೊತೆ ಕೈ ಕೈ ಮಿಲಾಯಿಸುವ ತನಕ ಹೋದರು. ನಾನು ಬರಲಿಲ್ಲ. ಹೆಂಗಸರ ಮಧ್ಯೆ ಕೂತಿದ್ದೆ. ಸಮಾಧಿ ಮುಗಿಯಿತು. ಮೂರು ದಿನಕ್ಕೆ ಭಾವನ ಕಡೆಯವರು ನಿಮ್ಮ ಹ್ಯಾಂಡ್‌ಪೋಸ್ಟಿನ ಬಾಡಿಗೆ ಮನೆಗೆ ಹೋಗಿ ಟ್ರಂಕು, ಬಟ್ಟೆ, ಡಿಸ್ಕು ಹಾಕುವ ಪ್ಲೇಯರು, ಎಲ್ಲವನ್ನೂ ಅವನ ವಸ್ತು ಎಂದು ಗಾಡಿಗೆ ತುಂಬಿಕೊಂಡು ಬಂದರು. ನಿಮ್ಮ ವಿಸಿಡಿಯೂ ಅದರಲ್ಲೇ ಹೋಯಿತು.

ಆಮೇಲೆ ವಂಶವೃಕ್ಷ ಮಾಡಿಸಿದಾಗ ಕಿರಣನ ಹೆಸರಿನ ಮುಂದೆ ಅವಿವಾಹಿತ ಎಂದು ಬರೆಸಿದರು. ಆ ಒಂದು ಪದ ನೋಡಿ ನೀನು ನಮ್ಮ ಅಂಗಡಿಯಲ್ಲಿ ನೆಲದ ಮೇಲೆ ಕೂತುಬಿಟ್ಟೆ. "ಅಣ್ಣ, ನಂಗೆ ಜಮೀನು ಬ್ಯಾಡ, ಏನೂ ಬ್ಯಾಡ. ನಾನ್ ಅವ್ರ ಹೆಂಡ್ತಿ ಅಂತ ಬರ್ದ್ರೆ ಸಾಕು," ಎಂದೆ. ಅದಕ್ಕೇ ಕೇಸು ಹಾಕಿಸಿದವರು ನಮ್ಮವರು. ಎಲ್ಲರೆದುರು ಹೇಳಿಕೊಂಡು ಓಡಾಡಿದರು, ಮದುವೆಯ ವಿಡಿಯೋ ತನ್ನ ಹತ್ತಿರ ಇದೆ ಎಂದು. ಡಿಸ್ಕು ಇತ್ತು ರಾಧಾ. ಓದುವ ಮಿಷನ್ನು ಇರಲಿಲ್ಲ.

ಇನ್ನು ನಾನು ಮಾಡಿದ್ದು.

ನಮ್ಮ ಮನೆಯಲ್ಲಿ ನಿನ್ನ ಮದುವೆಯ ಇನ್ನೊಂದು ವಿಸಿಡಿ ಇತ್ತು. ನಿಮಗೆ ಕೊಡುವ ಮುಂಚೆ ಸರಿ ಬಂದಿದೆಯೋ ಇಲ್ಲವೋ ನೋಡಲು ಇವರು ತೆಗೆದ ಟ್ರಯಲ್ ಕಾಪಿ. ಅದನ್ನು ಬಿಸಾಕು ಎಂದಿದ್ದರು, ನಾನು ಬಿಸಾಕಲಿಲ್ಲ. ಪೂಜಾ ಅದರಲ್ಲಿ ಅಕ್ಷತೆ ಹಾಕುವುದು ಬಿಟ್ಟು ಬಾಯಿಗೆ ಹಾಕಿಕೊಳ್ಳುತ್ತಾಳೆ, ಅದಕ್ಕೇ ಎತ್ತಿ ಬೀರುವಿನಲ್ಲಿ ಸೀರೆಗಳ ನಡುವೆ ಇಟ್ಟುಕೊಂಡಿದ್ದೆ. ಇವರಿಗೆ ಅದು ಮರೆತೇ ಹೋಗಿತ್ತು. ಮಬ್ಬು ಮಬ್ಬಾಗಿ ಕಾಣುತ್ತಿತ್ತು ನಿಜ. ಆದರೆ ತಾಳಿ ಕಟ್ಟುವುದು ಕಾಣುತ್ತಿತ್ತು. ಕಿರಣ ಕಾಣುತ್ತಿದ್ದ. ಯಾವ ಮನೆಯ ಹಳೆಯ ಮಿಷನ್ನಿಗೂ ಅದು ಹಿಡಿಸುತ್ತಿತ್ತು, ಕೋರ್ಟಿನಲ್ಲಿ ಹಾಕಿದ್ದರೂ ಆಡುತ್ತಿತ್ತು.

ಕೇಸು ಶುರುವಾದ ಮೇಲೆ ಒಂದು ಮಧ್ಯಾಹ್ನ, ಇವರು ಹರಾಜು ಕಟ್ಟೆಗೆ ಹೋಗಿದ್ದಾಗ, ನೀಲಕಂಠಸ್ವಾಮಿ ಭಾವ ಬಂದರು. ಒಂದು ಚೀಲ ಅವರೆಕಾಯಿ ತಂದಿದ್ದರು. ಕಾಫಿ ಕೊಟ್ಟೆ. ಕುಡಿದು ಮುಗಿಸಿ ಲೋಟ ಕೆಳಗಿಟ್ಟು ನಿಧಾನಕ್ಕೆ ಕೇಳಿದರು, "ಪುಷ್ಪಾ, ನಂಜುಂಡ ಆ ಮದ್ವೆ ತೆಗ್ದಿದ್ನಂತಲ್ಲ. ಅದು ಯಾವ್ದೋ ಹೊಸಾ ಡಿಸ್ಕಂತೆ, ಯಾವ ಮಿಷನ್ನಿಗೂ ಹಿಡಿಸಾಕಿಲ್ವಂತೆ. ಅದು ಇರ್ಲಿ ಬುಡು. ಬ್ಯಾರೆ ಏನಾರ ಐತಾ ಮನೇಲಿ?"

"ಅವ್ರು ಬರ್ಲಿ ಭಾವ, ಅವ್ರನ್ನೇ ಕೇಳಿ," ಎಂದೆ.

"ಅವ್ನ ಕೇಳೋ ಅಂಗಿದ್ರೆ ನಿನ್ ತಾವ ಯಾಕವ್ವ ಬತ್ತಿದ್ದೆ? ನೋಡು, ಈ ಮನೇಲೂ ಒಂದು ಹೆಣ್ಮಗ ಐತೆ. ನಾಳೆ ನಂಟ್ರು ಬಂದು ಕೇಳ್ತಾರೆ, ಈ ಮನೆತನಕ್ಕೆ ಯಾರ್ ಯಾರ್ ಸೊಸೆ ಅಂತ. ಏನಂತ ಯೋಳಾನ? ಇಷ್ಟೇ ಕಣವ್ವ ನಾನ್ ಕೇಳದು."

ಅವರು ಗದರಿಸಲಿಲ್ಲ. ಏನೂ ಕೊಡುತ್ತೇನೆ ಎನ್ನಲಿಲ್ಲ. ಇಲ್ಲ ಎಂದಿದ್ದರೆ ಎದ್ದು ಹೋಗುತ್ತಿದ್ದರು, ನನಗೆ ಗೊತ್ತು. ನಾನೇ ಎದ್ದು ಬೀರು ತೆಗೆದೆ. ಕೈಯಲ್ಲಿ ಕೊಟ್ಟೆ. ಅದನ್ನವರು ಚೀಲಕ್ಕೆ ಹಾಕಿಕೊಂಡು, ಅವರೆಕಾಯಿಯನ್ನು ಮೊರಕ್ಕೆ ಸುರಿದು ಹೋದರು. ಆ ಸಂಜೆ ಅದೇ ಅವರೆಕಾಳಿನ ಸಾರು ಮಾಡಿದೆ. ಇವರು ಚೆನ್ನಾಗಿದೆ ಎಂದು ಎರಡು ಸಲ ಹಾಕಿಸಿಕೊಂಡರು.

ಪೂಜಾಳಿಗಾಗಿ ಮಾಡಿದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಮಾತ್ರ. ಇನ್ನರ್ಧವನ್ನೂ ಬರೆಯುತ್ತೇನೆ, ನೀನು ಹೇಗೆ ಬೇಕಾದರೂ ತಿಳಿದುಕೋ. ಹೊಲಿಗೆ ಕ್ಲಾಸಿನಲ್ಲಿ ನಾನು ನಿನ್ನ ಡಬ್ಬಿಯಲ್ಲಿ ತಿಂದಿದ್ದೇನೆ. ನಿನ್ನನ್ನು ತಂಗಿ ಎಂದಿದ್ದೇನೆ. ಆದರೆ ನೀನು ನಮ್ಮ ಮನೆತನದ ಸೊಸೆ ಎಂದು ಕಾಗದದಲ್ಲಿ ಬರುತ್ತದೆ, ಹಬ್ಬಕ್ಕೆ ದೊಡ್ಡ ಮನೆಯ ಒಲೆಯ ಮುಂದೆ ನನ್ನ ಪಕ್ಕದಲ್ಲಿ ಕೂರುತ್ತೀಯ ಎಂದು ನೆನೆದಾಗ ನನ್ನೊಳಗೆ ಏನೋ ಹಿಂದೆ ಸರಿಯಿತು. ಗುಡಿಯಲ್ಲಿ ಕೂದಲು ಎತ್ತಿ ಹಿಡಿದಾಗ ಅದು ಇರಲಿಲ್ಲ. ಅಥವಾ ಇತ್ತು, ನನಗೆ ತಿಳಿದಿರಲಿಲ್ಲ. ಭಾವ ಅದನ್ನು ಕಂಡುಕೊಂಡೇ ನನ್ನ ಹತ್ತಿರ ಬಂದರೋ ಏನೋ.

ಸಾಕ್ಷಿಯ ದಿನ ನನಗೆ ಜ್ವರ ಎಂದು ಹೇಳಿ ಕಳಿಸಿದೆನಲ್ಲ, ಜ್ವರ ಇರಲಿಲ್ಲ.

ಅಯ್ನೋರು ತಮಗೆ ನೆನಪಿಲ್ಲ ಎಂದರು. ಲಿಂಗರಾಜು ನಿನ್ನ ಅಣ್ಣ, ಅವನ ಮಾತಿಗೆ ತೂಕ ಬರಲಿಲ್ಲ. ಇವರು ಮೂರು ಗಂಟೆ ನಿಂತು ಹೇಳಿದರು. ಆ ಕಡೆಯ ವಕೀಲರು ಎದ್ದು, ಇವರಿಗೂ ನೀಲಕಂಠಸ್ವಾಮಿಯವರಿಗೂ ಮನೆ ಪಾಲಿನ ಜಗಳ ಇದೆ, ಅದಕ್ಕೇ ಹೇಳುತ್ತಿದ್ದಾರೆ ಎಂದರು. ವಿಡಿಯೋ ತೆಗೆದವರು ವಿಡಿಯೋ ತೋರಿಸಲಿ ಎಂದರು. ಇವರು ಆ ಡಿಸ್ಕನ್ನು ಕೈಯಲ್ಲಿ ಎತ್ತಿ ಹಿಡಿದು, "ಇದ್ರೊಳ್ಗೆ ಐತೆ ಸ್ವಾಮಿ," ಎಂದರಂತೆ. ಜನ ನಕ್ಕರಂತೆ. ಕೇಸು ಬಿದ್ದುಹೋದ ದಿನ ಹೊರಗಡೆ ಹುಣಸೆ ಮರದ ಕೆಳಗೆ ನಿನ್ನೆದುರು ಕೈ ಮುಗಿದು, "ನನ್ ಹುಚ್ಚಿಗೆ ನಿನ್ ಬಾಳು ಹಾಳಾಯ್ತಲ್ಲ ತಾಯಿ," ಎಂದು ಅತ್ತರೆಂದು ಅವರೇ ಬಂದು ಹೇಳಿದರು. ನೀನು ಅವರ ಕೈ ಹಿಡಿದು, "ಬುಡಿ ಅಣ್ಣ, ನೀವ್ ನಂಗೆ ಒಳ್ಳೇದ್ನೇ ನೋಡಿದ್ರಿ," ಎಂದೆಯಂತೆ. ಅದನ್ನು ಹೇಳುವಾಗ ನಾನು ರೊಟ್ಟಿ ತಟ್ಟುತ್ತಿದ್ದೆ. ತಟ್ಟುತ್ತಲೇ ಇದ್ದೆ.

ಅದಾದ ಮೇಲೆ ಅವರು ಮೊದಲಿನ ಮನುಷ್ಯರಾಗಲಿಲ್ಲ. ಮದುವೆಗಳಿಗೆ ಹೋಗುವುದು ಬಿಟ್ಟರು. ಕ್ಯಾಮೆರಾ ಮಾರಿ ಜೆರಾಕ್ಸ್ ಮಿಷನ್ ತಂದರು, ಪಾಸ್‌ಪೋರ್ಟ್ ಫೋಟೋ ತೆಗೆದುಕೊಂಡು ಕಾಲ ಹಾಕಿದರು. ಬಿಡುವಾದರೆ ಆ ಮಿಷನ್ನಿನ ಹುಡುಕಾಟ. ಮೈಸೂರು ಆಯಿತು, ಬೆಂಗಳೂರಿನ ಎಸ್.ಪಿ. ರೋಡ್ ಆಯಿತು, ಅಂಗಡಿ ಅಂಗಡಿಗೂ ಡಿಸ್ಕು ತೋರಿಸುವುದು. ಬ್ಲೂ-ರೇನಾ ಎಂದು ಅವರು ಕೇಳುವುದು, ಅಲ್ಲ ಇನ್ನೊಂದು ಎಂದು ಇವರು ಹೇಳುವುದು. ಕಡೆ ಕಡೆಗೆ ಅಂಗಡಿಯ ಹುಡುಗರಿಗೆ ಹಾಗೊಂದು ಇತ್ತು ಎನ್ನುವುದೇ ಗೊತ್ತಿರುತ್ತಿರಲಿಲ್ಲ, ಡಿವಿಡಿ ಅನ್ನಲು ಬರದ ಹಳ್ಳಿಯವರು ಎಂದುಕೊಳ್ಳುತ್ತಿದ್ದರು. ಗೆದ್ದ ಡಿಸ್ಕಾದರೂ ನಮ್ಮೂರಿಗೆ ಬಂತೇ? ಒಂದು ಮನೆಗೂ ಬರಲಿಲ್ಲ. ಎಲ್ಲ ಫೋನಿನಲ್ಲೇ ಬರಲು ಶುರುವಾಯಿತು. ಮಹೇಂದ್ರ ಬೋರ್ಡು ಅಳಿಸಿ ಡ್ರೋನ್ ಎಂದು ಬರೆಸಿದ. ಇವರನ್ನು ಮಣ್ಣು ಮಾಡಿದ ದಿನ ಬಂದಿದ್ದ. ಯಾರೂ ನೋಡದ ಡಿಸ್ಕಿಗೆ ನಾವಿಬ್ಬರೂ ಗಂಟಲು ಹರಿದುಕೊಂಡೆವಲ್ಲಮ್ಮ ಎಂದು ಹೇಳಿ ಅತ್ತ.

ನೀನು ಬರುವುದನ್ನು ನಿಲ್ಲಿಸಿದೆ. ವಿಧವಾ ವೇತನಕ್ಕೆ ಅರ್ಜಿ ಹಾಕಲು ಹೋದರೆ, ಗಂಡನ ಕಾಗದ ಎಲ್ಲಿ ಎಂದರು, ಇಲ್ಲದೆ ನೀನು ತಿರುಗಿ ಬಂದೆಯಂತೆ ಎಂದು ಯಾರೋ ಹೇಳಿದರು. ಇವರು ಅದನ್ನು ಕೇಳಿ ಎರಡು ದಿನ ಊಟ ಬಿಟ್ಟರು. ಆ ಎರಡು ದಿನದಲ್ಲಿ ಹೇಳಬೇಕಿತ್ತು ನಾನು. ಹೇಳಿದ್ದರೆ ನನ್ನನ್ನು ಮನೆಯಿಂದ ಅಟ್ಟುತ್ತಿದ್ದರೋ ಏನೋ, ಆದರೆ ಅವರ ಎದೆ ಹಗುರವಾಗುತ್ತಿತ್ತು. ತಪ್ಪು ತನ್ನ ಡಿಸ್ಕಿನದಲ್ಲ, ಹೆಂಡತಿಯದು ಎಂದು ತಿಳಿಯುತ್ತಿತ್ತು. ಅವರನ್ನು ತಪ್ಪಿತಸ್ಥರಾಗಿಯೇ ಇರಲು ಬಿಟ್ಟೆ. ಕೇಸು ಬಿದ್ದ ಮೇಲೆ ಹದಿಮೂರು ವರ್ಷ ಒಂದೇ ಮನೆಯಲ್ಲಿ, ದಿನಾ ಊಟ ಬಡಿಸಿಕೊಂಡು.

ಕಳೆದ ಡಿಸೆಂಬರಿನಲ್ಲಿ ದೋರ್ಜೆ ಫೋನ್ ಮಾಡಿದರು. ಅಮೆರಿಕದಲ್ಲಿ ಯಾರದೋ ಮನೆಯ ಹಳೆಯ ಸಾಮಾನಿನಲ್ಲಿ ಆ ಜಾತಿಯ ಮಿಷನ್ನೊಂದು ಸಿಕ್ಕಿದೆ, ತಮ್ಮ ಫೆಬ್ರವರಿಯಲ್ಲಿ ಬರುವಾಗ ತರುತ್ತಾನೆ ಎಂದರು. ಇವರು ಅಂಗಡಿಯಿಂದ ಮನೆಗೆ ಓಡಿಬಂದರು, ಚಪ್ಪಲಿಯನ್ನೂ ಬಿಡದೆ ಒಳಗೆ ಬಂದರು. ನಿನಗೆ ಹೇಳುವುದು ಬೇಡ, ಮೊದಲು ಓದುತ್ತದೆಯೋ ನೋಡೋಣ, ಮತ್ತೆ ಆಸೆ ಹುಟ್ಟಿಸಿ ಕೊಲ್ಲುವುದು ಬೇಡ ಎಂದರು. ಡಿಸ್ಕನ್ನು ಮಲ್ಲು ಬಟ್ಟೆಯಲ್ಲಿ ಸುತ್ತಿ ದೇವರ ಮನೆಯಲ್ಲಿ ಇಟ್ಟರು.

ಜನವರಿ ಹದಿನೆಂಟರಂದು ಗಾಡಿಯಲ್ಲಿ ಅವರ ತಲೆ ನನ್ನ ತೊಡೆಯ ಮೇಲಿತ್ತು. ಹುಣಸೂರು ದಾಟುವಾಗ ಕಣ್ಣು ಬಿಟ್ಟರು. "ಮಿಷನ್ ಬಂದ್ರೆ ರಾಧಂಗೆ ಯೋಳು. ನನ್ನ ಕ್ಷಮ್ಸು ಅಂತ ಯೋಳು," ಎಂದರು. ಗಾಡಿಯಲ್ಲಿ ಡ್ರೈವರು ಬಿಟ್ಟರೆ ನಾವಿಬ್ಬರೇ. ಪೂಜಾ ಹಿಂದೆ ಬೇರೆ ಗಾಡಿಯಲ್ಲಿದ್ದಳು. ಮಾತು ನನ್ನ ನಾಲಿಗೆಯ ತುದಿಗೆ ಬಂತು ರಾಧಾ, ನಿನ್ನಾಣೆ ಬಂತು. ಮೈಸೂರು ಇನ್ನೇನು ಮುಕ್ಕಾಲು ಗಂಟೆ, ಆಸ್ಪತ್ರೆಯಲ್ಲಿ ಚೇತರಿಸಿಕೊಂಡ ಮೇಲೆ ಹೇಳೋಣ, ಈಗ ಹೇಳಿದರೆ ಎದೆ ತಡೆಯುವುದಿಲ್ಲ ಎಂದುಕೊಂಡೆ. "ಯೋಳ್ತೀನಿ, ಸುಮ್ನಿರಿ," ಎಂದೆ. ಅವರು ಸುಮ್ಮನಾದರು. ಬಿಳಿಕೆರೆ ಬರುವ ಹೊತ್ತಿಗೆ ಕೈ ತಣ್ಣಗಾಗಿತ್ತು.

ಮಿಷನ್ನು ಫೆಬ್ರವರಿ ಕಡೆಯಲ್ಲಿ ಬಂತು. ನಾನೊಬ್ಬಳೇ ಡಿಸ್ಕು ತೆಗೆದುಕೊಂಡು ಬಸ್ಸಿನಲ್ಲಿ ಬೈಲಕುಪ್ಪೆಗೆ ಹೋದೆ. ದೋರ್ಜೆಯವರಿಗೆ ಈಗ ವಯಸ್ಸಾಗಿದೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಟಿವಿಗೆ ಜೋಡಿಸಿಕೊಟ್ಟು, ನಂಜುಂಡಣ್ಣ ಇರಬೇಕಿತ್ತು ಎಂದು ಹೇಳಿ ಗಿರಾಕಿ ನೋಡಲು ಮುಂದಕ್ಕೆ ಹೋದರು. ಡಿಸ್ಕು ಓದಲಿಲ್ಲ. ಇಷ್ಟು ವರ್ಷವಾದ ಮೇಲೆ ಓದುವುದಾದರೂ ಹೇಗೆ. ತೆಗೆದುಕೊಂಡು ವಾಪಸು ಬಂದೆ.

ಹುಣಸೂರಿನ ಒಬ್ಬ ವಕೀಲರನ್ನು, ಬೇರೆ ಯಾರದೋ ವಿಷಯ ಎನ್ನುವಂತೆ ಕೇಳಿದೆ. ಮುಗಿದ ಕೇಸು, ಮೇಲಿನ ಕೋರ್ಟಿಗೆ ಹೋಗುವ ಕಾಲವೂ ಮೀರಿದೆ, ಈಗ ಒಬ್ಬ ಹೆಂಗಸು ಬಂದು ನಾನು ನೋಡಿದ್ದೆ ಎಂದರೆ ಏನು ಪ್ರಯೋಜನ ಎಂದರು. ಹಾಗಾಗಿ ಈ ಕಾಗದದಿಂದ ನಿನಗೆ ಆಗುವುದು ಏನೂ ಇಲ್ಲ. ವಂಶವೃಕ್ಷದಲ್ಲಿ ಆ ಪದ ಹಾಗೆಯೇ ಇರುತ್ತದೆ. ಕ್ಷಮಿಸು ಎಂದು ನಾನು ಕೇಳುವುದಿಲ್ಲ. ಇವರನ್ನು ಮಾತ್ರ ಕ್ಷಮಿಸಬೇಕಾಗಿಲ್ಲ, ಅವರು ಏನೂ ಮಾಡಿರಲಿಲ್ಲ ಎಂದು ನಿನಗೆ ತಿಳಿಯಲಿ. ಅವರಿಗೆ ತಿಳಿಸಲು ಆಗಲಿಲ್ಲ, ನಿನಗಾದರೂ.

ನಿನ್ನ ಅಂಗನವಾಡಿಯ ಮಕ್ಕಳು ನಿನ್ನನ್ನು ಏನೆಂದು ಕರೆಯುತ್ತಾರೋ ಗೊತ್ತಿಲ್ಲ. ನಾನು ಇನ್ನೂ ನನ್ನ ಮನಸ್ಸಿನಲ್ಲಿ ತಂಗಿ ಎಂದೇ ಕರೆಯುತ್ತೇನೆ. ಬೇಡವೆಂದರೆ ಬಿಡುತ್ತೇನೆ.

ನಿನ್ನ ಹತ್ತಿರ ಇನ್ನು ಮುಂದೆ ಏನನ್ನೂ ಕೇಳುವ ಹಕ್ಕಿಲ್ಲದ
ಪುಷ್ಪಾ

ತಾ.ಕ.: ಮೇಲೆ ಬೈಲಕುಪ್ಪೆಯ ವಿಷಯದಲ್ಲಿ ಒಂದು ಸುಳ್ಳು ಬರೆದಿದ್ದೇನೆ. ಹಾಳೆ ಬದಲಿಸಿ ಮತ್ತೆ ಬರೆಯಲು ಕೂತರೆ ಧೈರ್ಯ ಹೋಗುತ್ತದೆ, ಇಲ್ಲೇ ಹೇಳುತ್ತೇನೆ. ಡಿಸ್ಕು ಓದಿತು. ಮೊದಲಿನಿಂದ ಕಡೆಯ ತನಕ, ಎಲ್ಲೂ ನಿಲ್ಲದೆ ಓದಿತು. ಪೂಜಾಳಿಗೆ ಗಂಡು ಗೊತ್ತಾಗಿದೆ, ಮೇ ತಿಂಗಳಲ್ಲಿ ಮದುವೆ. ನೀಲಕಂಠಸ್ವಾಮಿ ಭಾವನ ಹೆಂಡತಿಯ ಅಣ್ಣನ ಮಗ, ಭಾವನೇ ನಿಂತು ಮಾಡಿಸುತ್ತಿದ್ದಾರೆ. ಆ ಡಿಸ್ಕನ್ನು ಹತ್ತು ದಿನ ಮನೆಯಲ್ಲಿ ಇಟ್ಟುಕೊಂಡಿದ್ದೆ. ಇದ್ದರೆ ನಿನಗೆ ಕೊಡಬೇಕು, ಕೊಡದಿದ್ದರೆ ದಿನಾ ಅದನ್ನು ನೋಡಿಕೊಂಡು ಇರಬೇಕು. ಎರಡೂ ಆಗಲಿಲ್ಲ. ಪೂಜಾ ಸೀರೆ ನೋಡಲು ಹೋಗಿದ್ದ ದಿನ ಮುರಿದುಹಾಕಿದೆ. ಅದು ಸುಲಭಕ್ಕೆ ಮುರಿಯಲಿಲ್ಲ. ಅದರ ಮಾರನೆಯ ದಿನ ವಿಳಾಸಕ್ಕಾಗಿ ಫೋನ್ ಮಾಡಿದಾಗ ಲಿಂಗರಾಜು ಮಾತಿಗೆ ಮಾತು ಬಂದು ಹೇಳಿದ, ಕಿರಣನದು ಒಂದು ಫೋಟೋ ಕೂಡ ನಿನ್ನ ಹತ್ತಿರ ಇಲ್ಲ, ಈಚೆಗೆ ಅವನ ಮುಖ ಸರಿಯಾಗಿ ನೆನಪಿಗೆ ಬರುತ್ತಿಲ್ಲ ಎಂದು ನೀನು ಅಳುತ್ತೀಯ ಅಂತ. ಅದಕ್ಕೆ, ಕಡೆಯದಾಗಿ ನೋಡಿದವಳು ನಾನಾದ್ದರಿಂದ, ನೋಡಿದ್ದನ್ನು ಬರೆಯುತ್ತೇನೆ. ತಿಳಿ ಹಳದಿ ಬಣ್ಣದ ಶರಟು, ಕಾಲರಿನ ಗುಂಡಿ ಹಾಕಿರಲಿಲ್ಲ. ಗಡ್ಡ ಬೋಳಿಸಿಕೊಳ್ಳುವಾಗ ಗದ್ದದ ಕೆಳಗೆ ಗಾಯ ಮಾಡಿಕೊಂಡಿದ್ದ, ಅಲ್ಲಿ ಸ್ವಲ್ಪ ವಿಭೂತಿ ಮೆತ್ತಿಕೊಂಡಿತ್ತು. ಎಡಗಡೆಯ ಹುಬ್ಬು ಬಲಗಡೆಯದಕ್ಕಿಂತ ಮೇಲೆ. ನಗುವಾಗ ಎಡಗೆನ್ನೆಯಲ್ಲಿ ಗುಳಿ ಬೀಳುತ್ತಿತ್ತು. ಮೂರನೇ ಗಂಟು ಹಾಕಿ ಕೈ ತೆಗೆಯುವಾಗ ನಿನ್ನ ಕಿವಿಯ ಹತ್ತಿರ ಬಗ್ಗಿ ಏನೋ ಹೇಳಿದ, ನೀನು ಕಣ್ಣು ಮುಚ್ಚಿಕೊಂಡು ನಕ್ಕೆ. ಏನು ಹೇಳಿದ ಎನ್ನುವುದು ಕೇಳಿಸಲಿಲ್ಲ, ಗಂಟೆ ಬಾರಿಸುತ್ತಿದ್ದರು.